ಟೋಪಿ, ಜೆಲ್, ಮ್ಯೂ ತರಂಗ: ಆಟಿಸಂ ಮಕ್ಕಳ ಇಇಜಿಯಲ್ಲಿ ಕನ್ನಡಿ ನರಕೋಶ ಹುಡುಕುವ ಕೆಲಸ

ನೆತ್ತಿಯ ಮೇಲಿನಿಂದ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಇಇಜಿ ಲ್ಯಾಬಿಗೆ ಫೋನ್ ಮಾಡುವ, ಆಟಿಸಂ ಇರುವ ಮಕ್ಕಳ ಪಾಲಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: “ಮೇಡಂ, ಮಗೂದು ಮಿರರ್ ನ್ಯೂರಾನ್ ಎಷ್ಟು ಪರ್ಸೆಂಟ್ ಕೆಲಸ ಮಾಡ್ತಿದೆ ಅಂತ ನಿಮ್ಮ ಟೆಸ್ಟಲ್ಲಿ ಗೊತ್ತಾಗುತ್ತಾ?” ಗೊತ್ತಾಗುವುದಿಲ್ಲ. ಮಗುವಿನ ತಲೆಗೆ ಟೋಪಿ ಹಾಕಿ ನಾವು ಅಳೆಯುವುದು ‘ಮ್ಯೂ’ ಎಂಬ ತರಂಗದ ಏರಿಳಿತವನ್ನು. ಆ ಏರಿಳಿತ ಕನ್ನಡಿ ನರಕೋಶಗಳದ್ದೇ (ಮಿರರ್ ನ್ಯೂರಾನ್; ತಾನು ಮಾಡಿದಾಗಲೂ ಇನ್ನೊಬ್ಬರು ಮಾಡುವುದನ್ನು ನೋಡಿದಾಗಲೂ ಮಿಡಿಯುವ ಕೋಶ) ಗುರುತು ಎಂದು ಒಂದು ಕಾಲದಲ್ಲಿ ಬಹಳ ಜನ ನಂಬಿದ್ದರು. ಈಗ ಅಷ್ಟು ಗಟ್ಟಿಯಾಗಿ ಹೇಳುವವರು ಕಡಿಮೆ. ನಂಬಿಕೆ ಯಾಕೆ ಸಡಿಲವಾಯಿತು ಎನ್ನುವುದು, ಜೆಲ್ ತುಂಬಿ, ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಪರದೆ ಮೇಲೆ ಓಡುವ ಗೆರೆಗಳನ್ನು ನೋಡುತ್ತಾ ಹೋದರೆ ತಾನಾಗಿ ತಿಳಿಯುತ್ತದೆ. ಹಾಗಾಗಿ ಕೆಲಸ ನಡೆಯುವ ಬಗೆಯನ್ನೇ ಇಲ್ಲಿ ಬಿಡಿಸಿ ಬರೆದಿದ್ದೇವೆ.

ಮೊದಲು ಸ್ವಲ್ಪ ಹಿನ್ನೆಲೆ. ಇಟಲಿಯ ಪಾರ್ಮಾದಲ್ಲಿ ಜಾಕೊಮೊ ರಿಝೊಲಾಟಿ ಅವರ ತಂಡ ಮಕಾಕ್ ಕೋತಿಗಳ ಮಿದುಳಿನ ಎಫ್5 ಎಂಬ ಭಾಗಕ್ಕೆ ಸಣ್ಣ ಎಲೆಕ್ಟ್ರೋಡ್ ಇಳಿಸಿ ಒಂದೊಂದೇ ನರಕೋಶದ ಮಿಡಿತವನ್ನು ದಾಖಲಿಸುತ್ತಿತ್ತು. ಕೋತಿ ತಾನು ತಿಂಡಿ ಎತ್ತಿಕೊಂಡಾಗ ಮಿಡಿಯುತ್ತಿದ್ದ ಕೆಲವು ಕೋಶಗಳು, ಎದುರಿಗಿದ್ದ ಮನುಷ್ಯ ತಿಂಡಿ ಎತ್ತಿಕೊಂಡಾಗಲೂ ಮಿಡಿದವು. ಮೊದಲ ವರದಿ ಬಂದದ್ದು 1992ರಲ್ಲಿ. 1996ರ ಲೇಖನದಲ್ಲಿ ಲೆಕ್ಕವೂ ಇದೆ: ಪರೀಕ್ಷಿಸಿದ್ದು 532 ಕೋಶ, ಈ ಗುಣ ಕಂಡದ್ದು 92ರಲ್ಲಿ. ಅಂದರೆ ಅದೇ ಜಾಗದಲ್ಲೂ ಆರು ಕೋಶಕ್ಕೆ ಸುಮಾರು ಒಂದು. ಮನುಷ್ಯರಲ್ಲಿ ಒಂಟಿ ಕೋಶದ ಮಟ್ಟದಲ್ಲಿ ಇದನ್ನು ತೋರಿಸಿದ ಅಧ್ಯಯನ 2010ರದ್ದು. ಲಾಸ್ ಏಂಜಲೀಸ್‌ನಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆಂದು ಮೊದಲೇ ಎಲೆಕ್ಟ್ರೋಡ್ ಇಡಿಸಿಕೊಂಡಿದ್ದ 21 ರೋಗಿಗಳಿಂದ 1177 ಕೋಶಗಳ ಮಿಡಿತ ಸಿಕ್ಕಿತು. ಬರೀ ಆಟಿಸಂ ಇದೆ ಎಂಬ ಕಾರಣಕ್ಕೆ ಯಾವ ಮಗುವಿನ ಮಿದುಳಿಗೂ ಹೀಗೆ ಎಲೆಕ್ಟ್ರೋಡ್ ಇಳಿಸುವಂತಿಲ್ಲ. ಉಳಿಯುವುದು ನೆತ್ತಿಯ ಮೇಲಿನಿಂದ ಅಂದಾಜು ಮಾಡುವ ದಾರಿ. ನೆತ್ತಿಯ ಮೇಲಿನ ಒಂದು ಎಲೆಕ್ಟ್ರೋಡಿಗೆ ಲಕ್ಷಾಂತರ ಕೋಶಗಳ ಒಟ್ಟು ಸದ್ದು ಬರುತ್ತದೆ. ಅದರಲ್ಲಿ ಕನ್ನಡಿ ಕೋಶ ಯಾವುದು, ಪಕ್ಕದ್ದು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ.

ಆ ಅಂದಾಜಿನ ಹಗ್ಗವೇ ಮ್ಯೂ. ನಡುನೆತ್ತಿಯ ಎರಡೂ ಪಕ್ಕದಲ್ಲಿ, ಕೈಕಾಲಿನ ಚಲನೆ ನೋಡಿಕೊಳ್ಳುವ ಪಟ್ಟಿಯ ಮೇಲೆ, ಸೆಕೆಂಡಿಗೆ ಹತ್ತರ ಆಸುಪಾಸು ಸಲ ಏಳುವ, ಸಾಲುಕಮಾನಿನ ಹಾಗೆ ಕಾಣುವ ತರಂಗ ಇದು. ಮುಷ್ಟಿ ಬಿಗಿದರೆ ಇಳಿಯುತ್ತದೆ, ಕಣ್ಣು ಬಿಟ್ಟರೆ ಇಳಿಯುವುದಿಲ್ಲ. ಇನ್ನೊಬ್ಬರ ಚಲನೆಯನ್ನು ಸುಮ್ಮನೆ ನೋಡಿದರೂ ಇಳಿಯುತ್ತದೆ ಎಂದು ಫ್ರಾನ್ಸಿನ ಆನ್ರಿ ಗಾಸ್ಟೊ 1954ರಷ್ಟು ಹಿಂದೆಯೇ ಬರೆದಿದ್ದರು. ಸಿನಿಮಾ ತೋರಿಸುತ್ತಿದ್ದಾಗ ಬಾಕ್ಸಿಂಗ್ ದೃಶ್ಯ ಬಂದರೆ ತರಂಗ ಮಾಯವಾಗುತ್ತಿತ್ತು. ಕನ್ನಡಿ ನರಕೋಶದ ಸುದ್ದಿ ಬಂದ ಮೇಲೆ ಎರಡನ್ನೂ ಹೆಣೆದರು. ಸ್ಯಾನ್ ಡಿಯಾಗೊದಲ್ಲಿ ಲಿಂಡ್ಸೆ ಓಬರ್ಮನ್, ವಿ.ಎಸ್. ರಾಮಚಂದ್ರನ್ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಇದ್ದ 10 ಮಂದಿಗೆ ತಮ್ಮ ಕೈ ಆಡಿಸಿದಾಗ ಮ್ಯೂ ಇಳಿಯಿತು, ಬೇರೆಯವರ ಕೈ ನೋಡಿದಾಗ ಇಳಿಯಲಿಲ್ಲ. ಮರುವರ್ಷ ದಾಪ್ರೆಟ್ಟೊ ತಂಡ, ಮಿದುಳಿನ ಯಾವ ಭಾಗ ಕೆಲಸದಲ್ಲಿದೆ ಎಂದು ತೋರಿಸುವ ಸ್ಕ್ಯಾನ್ ಆದ ಎಫ್‌ಎಂಆರ್‌ಐ ಮಾಡಿ, ಮುಖಭಾವ ಅನುಕರಿಸುವಾಗ ಆಟಿಸಂ ಮಕ್ಕಳ ಹಣೆಭಾಗದ ಕೆಳತುದಿಯಲ್ಲಿ ಚಟುವಟಿಕೆ ಕಡಿಮೆ ಎಂದು ವರದಿ ಮಾಡಿತು. ಆಟಿಸಂ ಇರುವವರಲ್ಲಿ ಕನ್ನಡಿ ನರಕೋಶಗಳು ಕೆಟ್ಟಿವೆ ಎನ್ನುವ ‘ಒಡೆದ ಕನ್ನಡಿ’ಯ ಮಾತು ಎಲ್ಲೆಡೆ ಹಬ್ಬಿತು. ಇಂದಿಗೂ ಅನೇಕ ಥೆರಪಿ ಕರಪತ್ರಗಳಲ್ಲಿ ಅದೇ ಮಾತು ಇದೆ. 2005ರ ಆ ಹತ್ತು ಮಂದಿಯ ವಯಸ್ಸು 6ರಿಂದ 47ರವರೆಗೆ ಇತ್ತು ಎಂಬುದು ಮಾತ್ರ ಯಾವ ಕರಪತ್ರದಲ್ಲೂ ಇರುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ. ರೆಕಾರ್ಡಿಂಗ್ ಹನ್ನೊಂದು ನಿಮಿಷದೊಳಗೆ ಮುಗಿಯುತ್ತದೆ. ಮಗುವನ್ನು ಅದಕ್ಕೆ ಒಗ್ಗಿಸುವ ಕೆಲಸ ಒಂದು ವಾರ ಮೊದಲೇ ಮನೆಯಲ್ಲಿ ಶುರುವಾಗಬೇಕು. ಈಜಿಗೆ ಹಾಕುವ ಟೋಪಿ ಅಥವಾ ಮಂಕಿ ಕ್ಯಾಪ್ ಒಂದು ಸಾಕು. ಮೊದಲ ದಿನ ಅದನ್ನು ಕೈಯಲ್ಲಿ ಹಿಡಿದರೆ ಸಾಕು, ಮರುದಿನ ಮೂರು ಎಣಿಸುವಷ್ಟು ಹೊತ್ತು ತಲೆ ಮೇಲೆ, ಆಮೇಲೆ ಹತ್ತು ಎಣಿಸುವಷ್ಟು, ಕೊನೆಗೆ ಇಷ್ಟದ ಒಂದು ಹಾಡು ಮುಗಿಯುವವರೆಗೆ. ಕಿತ್ತು ಬಿಸಾಡಿದರೆ ಹಿಂದಿನ ಮೆಟ್ಟಿಲಿಗೆ ಇಳಿಯುವುದು. ಬಲವಂತವಾಗಿ ಹಿಡಿದು ಹಾಕಿದರೆ ಆ ವಾರ ಮುಗಿದ ಹಾಗೆ. ಲ್ಯಾಬಿನ ಬಾಗಿಲು, ಕುರ್ಚಿ, ಟೋಪಿ, ಪರದೆ, ಸಿಂಕ್ ಇವುಗಳ ಫೋಟೋಗಳನ್ನು ಮುಂಚೆಯೇ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಅಮ್ಮಂದಿರು ಅವನ್ನು ಪ್ರಿಂಟ್ ಮಾಡಿಸಿ ಸಾಲಾಗಿ ಗೋಡೆಗೆ ಅಂಟಿಸುತ್ತಾರೆ. ಮುಂದೆ ಏನು ಬರುತ್ತದೆ ಎಂದು ಗೊತ್ತಿರುವ ಮಗು ಅರ್ಧ ಗೆದ್ದ ಮಗು.

ಎಣ್ಣೆಯ ಬಗ್ಗೆ ಎರಡು ಸಲ ಹೇಳುತ್ತೇವೆ, ಆದರೂ ಎಣ್ಣೆ ಬರುತ್ತದೆ. ಆಸ್ಪತ್ರೆಗೆ ಹೋಗುವ ಮಗುವಿಗೆ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಬಾಚಿ, ಶುಚಿಯಾಗಿ ಕಳಿಸುವುದು ಅಜ್ಜಿಯಂದಿರ ಕಾಳಜಿ. ಕೊಬ್ಬರಿ ಎಣ್ಣೆಯ ಪದರ ಇದ್ದರೆ ಜೆಲ್ ಚರ್ಮ ಮುಟ್ಟುವುದೇ ಇಲ್ಲ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು, ಕಂಡೀಷನರ್ ಇಲ್ಲದೆ ಒಣಗಿಸಿರಬೇಕು. ಎರಡು ಜಡೆ ಇದ್ದರೆ ಬಿಚ್ಚಿ ಕೆಳಗೆ ಸಡಿಲವಾಗಿ ಕಟ್ಟಬೇಕು. ಹಣೆಯ ಪಕ್ಕ ಇಟ್ಟ ದೃಷ್ಟಿಬೊಟ್ಟು ಸರಿಯಾಗಿ ಎಫ್‌ಪಿ1 ಅಥವಾ ಎಫ್‌ಪಿ2 ಎಲೆಕ್ಟ್ರೋಡಿನ ಜಾಗದಲ್ಲೇ ಇರುತ್ತದೆ. ಅದನ್ನು ನಾವೇ ಒರೆಸಲು ಹೋಗುವುದಿಲ್ಲ, ಅಮ್ಮನ ಕೈಲಿ ಒರೆಸಿಸಿ ಗಲ್ಲಕ್ಕೆ ಇಡಿಸುತ್ತೇವೆ.

ಎಲೆಕ್ಟ್ರೋಡ್ ಕೂರಿಸುವ ಜಾಗದ ಅಳತೆ ಹೀಗೆ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂಬದಿಯ ಮೂಳೆಯುಬ್ಬಿನವರೆಗೆ ಟೇಪ್ ಹಿಡಿಯಬೇಕು. 34 ಸೆಂ.ಮೀ. ಬಂತು ಅಂದುಕೊಳ್ಳಿ, ನಡು 17. ಈಗ ಒಂದು ಕಿವಿಯ ಮುಂದಿನ ತಗ್ಗಿನಿಂದ ಇನ್ನೊಂದು ಕಿವಿಯವರೆಗೆ. 33 ಬಂದರೆ ನಡು 16.5. ಎರಡೂ ನಡುಗೆರೆ ಕೂಡುವ ಜಾಗ ಸಿಝಡ್. ಅಲ್ಲಿಂದ ಎಡಕ್ಕೆ ಕಿವಿಯ ಕಡೆ 33ರ ಶೇ. 20, ಅಂದರೆ 6.6 ಸೆಂ.ಮೀ. ಇಳಿದರೆ ಸಿ3, ಬಲಕ್ಕೆ ಅಷ್ಟೇ ಇಳಿದರೆ ಸಿ4. ಸಿದ್ಧ ಟೋಪಿ ಇದ್ದರೂ ಈ ಅಳತೆ ಬಿಡಬಾರದು. ಟೋಪಿಗಳು ತಲೆಯ ಸುತ್ತಳತೆಗೆ ತಕ್ಕಂತೆ 50, 52, 54 ಸೆಂ.ಮೀ. ಎಂದು ಬರುತ್ತವೆ, ಒಂದು ಸೈಜ್ ದೊಡ್ಡದು ಹಾಕಿದರೆ ಮಗು ತಲೆ ಅಲ್ಲಾಡಿಸಿದಾಗ ಹಿಂದಕ್ಕೆ ಜಾರಿ, ಸಿ3 ಎಂದುಕೊಂಡದ್ದು ಹಿಂದಲೆಯ ಆಲ್ಫಾ ತರಂಗದ ಸೀಮೆಗೆ ಹೋಗಿ ಕೂತಿರುತ್ತದೆ. ಗದ್ದದ ಪಟ್ಟಿ ಮಕ್ಕಳಿಗೆ ಆಗದ ವಸ್ತು. ಅದರ ಬದಲು ಟೋಪಿಯ ಎರಡು ತುದಿಯನ್ನು ಎದೆಗೆ ಸುತ್ತಿದ ಬೆಲ್ಟಿಗೆ ಸಿಕ್ಕಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಜೆಲ್ ತುಂಬುವ ಸಿರಿಂಜಿನ ತುದಿ ಮೊಂಡು, ಚುಚ್ಚುವುದಿಲ್ಲ. ಮಗುವಿಗೆ ಅದು ಸೂಜಿಯೇ. ಮರೆಯಲ್ಲಿ ತುಂಬಿಕೊಂಡು, ಮೊದಲು ಅಮ್ಮನ ಅಂಗೈಗೆ, ಆಮೇಲೆ ಮಗುವಿನ ಅಂಗೈಗೆ ಒಂದು ಹನಿ ಬಿಡುತ್ತೇವೆ. “ಪುಟ್ಟಾ, ಇದು ತಣ್ಣಗಿದ್ಯಾ? ತಲೇಲೂ ಹೀಗೇ ಇರುತ್ತೆ, ಎಂಟು ಚುಕ್ಕಿ ಇಡ್ತೀವಿ, ಎಣಿಸ್ತೀಯಾ?” ಎಣಿಕೆ ಇಷ್ಟಪಡುವ ಮಕ್ಕಳಿಗೆ ಇದೊಂದೇ ಸಾಕು. ಸಂಖ್ಯೆ ಹೇಳಿದ ಮೇಲೆ ಒಂಬತ್ತನೆಯ ಚುಕ್ಕಿ ಇಡಬಾರದು. ಜೆಲ್ ಟ್ಯೂಬನ್ನು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟಿದ್ದರೆ ತಣ್ಣಗೆ ತಾಗಿ ಬೆಚ್ಚಿಬೀಳುವುದು ತಪ್ಪುತ್ತದೆ. ಒಂದು ಎಲೆಕ್ಟ್ರೋಡಿಗೆ ಕಾಲು ಮಿಲಿ ಲೀಟರಿನ ಆಸುಪಾಸು ಸಾಕು. ಜಾಸ್ತಿ ಹಾಕಿದರೆ ಜೆಲ್ ಹರಡಿ ಪಕ್ಕದ ಎಲೆಕ್ಟ್ರೋಡಿನ ಜೆಲ್ ಜೊತೆ ಸೇರಿ, ಸಿ3 ಮತ್ತು ಸಿಝಡ್ ಗೆರೆಗಳು ಅವಳಿಗಳ ಹಾಗೆ ಒಂದೇ ಥರ ಓಡುತ್ತವೆ. ಇಂಪಿಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡಿನ ನಡುವಿನ ವಿದ್ಯುತ್ ತಡೆ) 5 ಕಿಲೊ ಓಮ್‌ಗಿಂತ ಕೆಳಗಿಳಿಯಬೇಕು ಎನ್ನುವುದು ಹಳೆಯ ಕಟ್ಟುನಿಟ್ಟು. ಈಗಿನ ಆಂಪ್ಲಿಫೈಯರ್‌ಗಳಿಗೆ 10 ಇದ್ದರೂ ನಡೆಯುತ್ತದೆ. ಐದಕ್ಕೆ ತರಬೇಕೆಂದು ನೆತ್ತಿಯನ್ನು ಉಜ್ಜುತ್ತಾ ಕೂತು ಮಗುವಿನ ಸಹನೆಯನ್ನು ಖರ್ಚು ಮಾಡುವುದು ಬುದ್ಧಿವಂತಿಕೆಯಲ್ಲ.

ಜೆಲ್ ಆಗದ ಮಕ್ಕಳಿಗೆ ಸ್ಪಂಜಿನ ಬಲೆ ಇದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಪೊಟ್ಯಾಸಿಯಂ ಕ್ಲೋರೈಡ್, ಒಂದು ಚಮಚ ಬೇಬಿ ಶಾಂಪೂ ಬೆರೆಸಿ ಅದರಲ್ಲಿ ಬಲೆಯನ್ನು ನೆನೆಸಿ ಹಾಕುವುದು. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಅರ್ಧ ಗಂಟೆಗೆ ಸ್ಪಂಜು ಒಣಗತೊಡಗುತ್ತದೆ, ಕುತ್ತಿಗೆಗೆ ನೀರು ತೊಟ್ಟಿಕ್ಕುವುದು ಕೆಲವು ಮಕ್ಕಳಿಗೆ ಜೆಲ್‌ಗಿಂತ ದೊಡ್ಡ ಹಿಂಸೆ. ಹೆಗಲ ಮೇಲೆ ಟವೆಲ್ ಹಾಕಿಯೇ ಶುರು ಮಾಡಬೇಕು.

ಎಷ್ಟು ಎಲೆಕ್ಟ್ರೋಡ್ ಬೇಕು ಎನ್ನುವ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ: ಈ ಪ್ರಶ್ನೆಗೆ 64 ಬೇಡ. ಸಿ3, ಸಿಝಡ್, ಸಿ4, ಹಿಂದಲೆಯ ಒ1 ಮತ್ತು ಒ2, ಕಣ್ಣಿನ ಮಿಟುಕು ಹಿಡಿಯಲು ಹಣೆಯ ಮೇಲೊಂದು, ಕಿವಿ ಹಿಂದಿನ ಮೂಳೆಯ ಮೇಲೆ ಎರಡು. ಈ ಎಂಟನ್ನು ಶುದ್ಧವಾಗಿ ಹಿಡಿದರೆ ಸಾಕು, ಗ್ರೌಂಡಿನ ಎಲೆಕ್ಟ್ರೋಡ್ ಟೋಪಿಯ ಒಳಗೇ ಇರುತ್ತದೆ. ಒ1, ಒ2 ಬಿಟ್ಟು ಬರೀ ನಡುನೆತ್ತಿ ಅಳೆಯುವವರಿದ್ದಾರೆ; ಅದು ಯಾಕೆ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಕೋಣೆಯಲ್ಲಿ ಟ್ಯೂಬ್‌ಲೈಟ್ ಆರಿಸಿ, ಮೊಬೈಲ್ ಚಾರ್ಜರ್‌ಗಳನ್ನು ಪ್ಲಗ್ಗಿನಿಂದ ಕಿತ್ತಿಡುತ್ತೇವೆ. 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ ಎಲ್ಲಿಂದಾದರೂ ನುಸುಳುತ್ತದೆ. ಅದಕ್ಕೆ ಫಿಲ್ಟರ್ ಇದೆ, ಮ್ಯೂ ಇರುವ ಪಟ್ಟಿಗಿಂತ ಬಹಳ ದೂರವೂ ಇದೆ, ಹಾಗಾಗಿ ಅದರ ಚಿಂತೆ ಕಡಿಮೆ. ಬೆವರಿನ ಚಿಂತೆ ಹೆಚ್ಚು: ಸೆಕೆಯಲ್ಲಿ ಗೆರೆಗಳೆಲ್ಲ ನಿಧಾನವಾಗಿ ಅಲೆಯುತ್ತಾ ಪರದೆಯ ಆಚೆ ಹೋಗುತ್ತವೆ. ಬಿಸ್ಕೆಟ್ ಕೊಟ್ಟು ಸಮಾಧಾನ ಮಾಡುವ ಹಾಗೂ ಇಲ್ಲ. ಅಗಿಯುವ ದವಡೆಯ ಸ್ನಾಯುವಿನ ಸದ್ದು ಮಿದುಳಿನ ಸದ್ದನ್ನು ಮುಳುಗಿಸಿಬಿಡುತ್ತದೆ. ತಿಂಡಿ ಏನಿದ್ದರೂ ಸುತ್ತುಗಳ ನಡುವೆ.

ಪರದೆಯ ಮೇಲೆ ತೋರಿಸುವುದು 2005ರ ಪಟ್ಟಿಯನ್ನೇ: ಟಿವಿಯ ಚುಕ್ಕಿಮಳೆಯಂಥ ಖಾಲಿ ಗದ್ದಲ, ಮೇಲೆ ಕೆಳಗೆ ಪುಟಿಯುವ ಎರಡು ಚೆಂಡು, ಸೆಕೆಂಡಿಗೊಮ್ಮೆ ತೆರೆದು ಮುಚ್ಚುವ ಕೈ, ಕೊನೆಗೆ ಮಗುವೇ ತನ್ನ ಕೈ ತೆರೆದು ಮುಚ್ಚುವುದು. ಒಂದೊಂದು 80 ಸೆಕೆಂಡ್, ಎರಡು ಸುತ್ತು. ಮಧ್ಯೆ ಮಧ್ಯೆ ವೀಡಿಯೊ ಒಂದು ಕ್ಷಣ ನಿಲ್ಲುತ್ತದೆ. ಎಷ್ಟು ಸಲ ನಿಂತಿತು ಎಂದು ಮಗು ಎಣಿಸಬೇಕು. ಗಮನ ಇತ್ತೋ ಇಲ್ಲವೋ ತಿಳಿಯಲು ಈ ಉಪಾಯ. ಮಾತು ಬಾರದ ಮಗುವಿಗೆ ಇದು ಆಗುವುದಿಲ್ಲ, ಅಂಥ ಮಕ್ಕಳು ಈ ಬಗೆಯ ಅಧ್ಯಯನಗಳಿಂದ ಹೊರಗೇ ಉಳಿಯುತ್ತಾರೆ. ಮಿದುಳಿನ ವ್ಯತ್ಯಾಸದ ಬಗ್ಗೆ ಓದುವ ಹೆಚ್ಚಿನ ಸಂಶೋಧನೆ ಕೂತು, ಕೇಳಿ, ಹೇಳಿದಂತೆ ಮಾಡಬಲ್ಲ ಮಕ್ಕಳದ್ದು. ಹೆಚ್ಚು ನೆರವು ಬೇಕಾದ ಮಕ್ಕಳ ಮಿದುಳಿನ ದಾಖಲೆ ಬಹಳ ಕಡಿಮೆ.

ಅಸಲು ತೊಂದರೆಗಳು ಇಲ್ಲಿಂದ ಶುರು. ಚುಕ್ಕಿಮಳೆ ನೋಡುವಾಗ ಮಗು ಸುಮ್ಮನಿರಬೇಕು, ಅದೇ ನಮ್ಮ ಅಳತೆಯ ನೆಲಮಟ್ಟ. ಆಟಿಸಂ ಇರುವ ಮಗುವಿಗೆ ಬೇಸರವೋ ಕಳವಳವೋ ಆದಾಗ ಬೆರಳು ತಿರುವುವುದು, ಕೈ ಬಡಿಯುವುದು ಸಹಜ. ಕೈ ಆಡಿದರೆ ಮ್ಯೂ ಇಳಿಯುತ್ತದೆ. ಅಂದರೆ ನೆಲಮಟ್ಟವೇ ಕುಸಿದಿರುತ್ತದೆ. ಲೆಕ್ಕ ಮಾಡಿ ನೋಡಿ. ಮಗು ಸುಮ್ಮನಿದ್ದಾಗ ಸಿ3ರಲ್ಲಿ ಮ್ಯೂ ಬಲ 10 ಚದರ ಮೈಕ್ರೊವೋಲ್ಟ್, ಕೈ ವೀಡಿಯೊ ನೋಡುವಾಗ 7. ಅನುಪಾತ 0.7, ಅದರ ನೈಸರ್ಗಿಕ ಲಾಗರಿದಮ್ ಮೈನಸ್ 0.36, ಒಳ್ಳೆಯ ಇಳಿತ. ಅದೇ ಮಗು ಚುಕ್ಕಿಮಳೆಯ ಹೊತ್ತಿನಲ್ಲಿ ಅಂಗಿಯ ಗುಂಡಿ ತಿರುವುತ್ತಾ ಕೂತಿದ್ದು, ಆಗ ಬಲ 7.5ಕ್ಕೆ ಇಳಿದಿತ್ತು ಎನ್ನಿ. ಈಗ ಅನುಪಾತ 0.93, ಲಾಗರಿದಮ್ ಮೈನಸ್ 0.07, ಇಳಿತ ಇಲ್ಲವೆಂಬಷ್ಟು. ಕೈ ವೀಡಿಯೊಗೆ ಮಿದುಳು ಕೊಟ್ಟ ಉತ್ತರ ಎರಡು ಸಲವೂ 7. ಆದರೂ ಎರಡನೆಯ ಹಾಳೆ ನೋಡಿದವರು ‘ಕನ್ನಡಿ ಒಡೆದಿದೆ’ ಎನ್ನುತ್ತಾರೆ. ಇದನ್ನು ತಪ್ಪಿಸಲು ಮಗುವಿನ ಎರಡೂ ಕೈ ಕಾಣುವಂತೆ ಕ್ಯಾಮೆರಾ ಇಟ್ಟು, ಇಇಜಿ ಗಡಿಯಾರಕ್ಕೆ ಹೊಂದಿಸಿ, ಕೈ ಆಡಿದ ತುಣುಕುಗಳನ್ನೆಲ್ಲ ಕತ್ತರಿಸಿ ಹಾಕಬೇಕು. ಮುಂಗೈ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸುವುದು ಇನ್ನೂ ಒಳ್ಳೆಯದು, ಮಗು ಒಪ್ಪಿದರೆ. ಕೈ ಬಡಿಯಬೇಡ ಎಂದು ಹಿಡಿದು ಕೂರಿಸುವುದು ಮಾತ್ರ ಕೂಡದು. ಹಿಡಿದ ಕೈಯ ಸ್ನಾಯು ಬಿಗಿದಿರುತ್ತದೆ, ಆಗಲೂ ಮ್ಯೂ ಇಳಿಯುತ್ತದೆ, ಮಗುವಿನ ಅಳು ಬೇರೆ.

ಎರಡನೆಯದು ಆಲ್ಫಾ. ಹಿಂದಲೆಯಿಂದ ಏಳುವ ಆಲ್ಫಾ ತರಂಗದ ವೇಗ ಮ್ಯೂವಿನದ್ದೇ, ಗಾತ್ರ ಅದಕ್ಕಿಂತ ದೊಡ್ಡದು. ನೋಡುವುದರಲ್ಲಿ ಆಸಕ್ತಿ ಇದ್ದಾಗ ಇಳಿಯುತ್ತದೆ, ಮನಸ್ಸು ಬೇರೆಡೆ ಹೋದರೆ ಏರುತ್ತದೆ, ಏರಿದಾಗ ನಡುನೆತ್ತಿಯವರೆಗೂ ಸೋರುತ್ತದೆ. ಗುರುತಿಲ್ಲದವರ ಕೈಯೊಂದು ಸುಮ್ಮನೆ ತೆರೆದು ಮುಚ್ಚುವ ಎಂಬತ್ತು ಸೆಕೆಂಡಿನ ವೀಡಿಯೊದಲ್ಲಿ ಮಗುವಿಗೆ ಏನಿದೆ? ಕಣ್ಣು ಪರದೆಯ ಅಂಚಿನ ಹಸಿರು ದೀಪದ ಕಡೆ ಹೋಗಿರುತ್ತದೆ. ಆಗ ಸಿ3ರಲ್ಲಿ ಕಾಣುವ ‘ಇಳಿಯದ ಮ್ಯೂ’ ನಿಜಕ್ಕೂ ಏರಿದ ಆಲ್ಫಾ ಆಗಿರಬಹುದು. ಒ1, ಒ2 ಬೇಕೇ ಬೇಕು ಎಂದದ್ದು ಇದಕ್ಕೆ. ಅಲ್ಲಿಯೂ ಅದೇ ಪ್ರಮಾಣದ ಏರಿಳಿತ ಇದ್ದರೆ ನೀವು ಅಳೆದದ್ದು ಗಮನವನ್ನು. 2016ರಲ್ಲಿ ಹಾಬ್ಸನ್ ಮತ್ತು ಬಿಷಪ್ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು: ನೆಲಮಟ್ಟವಾಗಿ ಯಾವುದನ್ನು ಇಟ್ಟುಕೊಂಡಿರಿ, ಗಮನ ಎಲ್ಲಿತ್ತು ಎಂಬುದರ ಮೇಲೆ ಮ್ಯೂ ಫಲಿತಾಂಶ ಬದಲಾಗುತ್ತದೆ, ಕನ್ನಡಿ ವ್ಯವಸ್ಥೆಯ ಅಳತೆಗೋಲಾಗಿ ಅದನ್ನು ನೆಚ್ಚುವುದು ಕಷ್ಟ.

ವಯಸ್ಸಿನ ಹೊಂದಾಣಿಕೆ ಹೆಚ್ಚು ಜನ ಮರೆಯುವ ಸಂಗತಿ. ದೊಡ್ಡವರ ಮ್ಯೂ 8ರಿಂದ 13 ಹರ್ಟ್ಸ್ ಪಟ್ಟಿಯಲ್ಲಿರುತ್ತದೆ. ವರ್ಷದ ಕೂಸಿಗೆ ಅದು 7–8ರ ಹತ್ತಿರ, ನಾಲ್ಕು ವರ್ಷಕ್ಕೆ 9ರ ಸುಮಾರು. ಸಣ್ಣ ಮಕ್ಕಳಿಗೂ ದೊಡ್ಡವರ ಪಟ್ಟಿಯನ್ನೇ ಹಾಕಿದರೆ ತರಂಗದ ಅರ್ಧ ಪಟ್ಟಿಯ ಹೊರಗೇ ಉಳಿಯುತ್ತದೆ. ಮಗು ತನ್ನ ಕೈ ಆಡಿಸಿದಾಗ ಯಾವ ಆವರ್ತನ ಹೆಚ್ಚು ಇಳಿಯಿತು ಎಂದು ಮೊದಲು ನೋಡಿ, ಅದರ ಎರಡೂ ಬದಿಗೆ ಒಂದೂವರೆ ಹರ್ಟ್ಸ್ ಬಿಟ್ಟು ಆ ಮಗುವಿನದೇ ಪಟ್ಟಿ ಕಟ್ಟಿಕೊಳ್ಳುವುದು ಸರಿಯಾದ ಕ್ರಮ.

ಉಳಿದ ಶೋಧನೆ ಬೇಸರದ ಕೆಲಸ. ಪ್ರತಿ 80 ಸೆಕೆಂಡಿನ ಮೊದಲ ಹತ್ತು, ಕೊನೆಯ ಹತ್ತು ತೆಗೆದು, ಉಳಿದ ಅರವತ್ತನ್ನು ಎರಡೆರಡು ಸೆಕೆಂಡಿನ ತುಂಡು ಮಾಡಿ, ಕಣ್ಣು ಮಿಟುಕಿದ್ದು, ತಲೆ ತಿರುಗಿದ್ದು, ಹಲ್ಲು ಕಚ್ಚಿದ್ದು ಬಿಸಾಡಬೇಕು. ಸಾಮಾನ್ಯ ಮಕ್ಕಳ ಗುಂಪಿನಲ್ಲಿ ಐವತ್ತು ತುಂಡು ಉಳಿದು, ಆಟಿಸಂ ಗುಂಪಿನಲ್ಲಿ ಹದಿನೈದು ಉಳಿದರೆ ಹೋಲಿಕೆಯೇ ಅಸಮ. ಆಗ ಹೆಚ್ಚು ತುಂಡು ಉಳಿದ ಗುಂಪಿನಿಂದಲೂ ಹದಿನೈದನ್ನೇ ಆರಿಸಿ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಜಾಗ್ರತೆ ಹೆಚ್ಚುತ್ತಾ ಹೋದ ಹಾಗೆ ‘ಒಡೆದ ಕನ್ನಡಿ’ ಮಸುಕಾಯಿತು. 2008ರಲ್ಲಿ ಓಬರ್ಮನ್ ತಂಡವೇ, ವೀಡಿಯೊದಲ್ಲಿ ಮಗುವಿನ ಸ್ವಂತ ಕೈ ಅಥವಾ ಮನೆಯವರ ಕೈ ತೋರಿಸಿದರೆ ಆಟಿಸಂ ಮಕ್ಕಳಲ್ಲೂ ಮ್ಯೂ ಇಳಿಯುತ್ತದೆ ಎಂದು ತೋರಿಸಿತು. ಅಮ್ಮನ ಕೈಗೆ ಕೆಲಸ ಮಾಡಿ ಅಪರಿಚಿತರ ಕೈಗೆ ಕೆಲಸ ಮಾಡದ ಯಂತ್ರವನ್ನು ಕೆಟ್ಟಿದೆ ಎನ್ನಲು ಬರುವುದಿಲ್ಲ. 2009ರಲ್ಲಿ ಬೆಲ್ಜಿಯಂನಲ್ಲಿ, 2010ರಲ್ಲಿ ತೈವಾನ್‌ನಲ್ಲಿ ನಡೆದ ಅಧ್ಯಯನಗಳಲ್ಲಿ ಗುಂಪುಗಳ ನಡುವೆ ಮ್ಯೂ ಇಳಿತದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. 2010ರಲ್ಲೇ ಇಲಾನ್ ಡಿನ್‌ಸ್ಟೈನ್ ಮತ್ತು ಸಂಗಡಿಗರು ಎಫ್‌ಎಂಆರ್‌ಐ ಒಳಗೆ ಆಟಿಸಂ ಇರುವ ವಯಸ್ಕರಿಗೆ ಕೈ ಸನ್ನೆಗಳನ್ನು ತೋರಿಸಿ, ಮಾಡಿಸಿ ನೋಡಿದರು; ಕನ್ನಡಿ ವ್ಯವಸ್ಥೆ ಎನ್ನುವ ಭಾಗಗಳು ಒಂದು ಸನ್ನೆಯನ್ನು ಇನ್ನೊಂದರಿಂದ ಬೇರ್ಪಡಿಸುವ ರೀತಿ ಇತರರಂತೆಯೇ ಇತ್ತು.

ಯಂತ್ರವೇ ಬೇಡದ ಒಂದು ಪರೀಕ್ಷೆ ಇದೆ, ಇಡೀ ವಾದದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಅದು. ಮಗುವಿನ ಎದುರು ಮೇಜಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಚುಕ್ಕಿ ಅಂಟಿಸಿ, ದೊಡ್ಡವರು ಎಡಗೈಯನ್ನು ಅಡ್ಡ ಹಾಯಿಸಿ ಬಲಚುಕ್ಕಿ ಮುಟ್ಟಿ ತೋರಿಸಬೇಕು. “ನನ್ನ ಥರಾನೇ ಮಾಡು” ಎಂದರೆ ಸಣ್ಣ ಮಕ್ಕಳು ಸರಿಯಾದ ಚುಕ್ಕಿಯನ್ನೇ ಮುಟ್ಟುತ್ತಾರೆ, ಆದರೆ ಹತ್ತಿರವಿರುವ ಕೈಯಿಂದ. ಗುರಿ ಹಿಡಿಯುತ್ತಾರೆ, ದಾರಿ ಬಿಡುತ್ತಾರೆ. ಹ್ಯಾಮಿಲ್ಟನ್, ಬ್ರಿಂಡ್ಲಿ ಮತ್ತು ಉಟಾ ಫ್ರಿತ್ 2007ರಲ್ಲಿ ವರದಿ ಮಾಡಿದಂತೆ ಆಟಿಸಂ ಇರುವ ಮಕ್ಕಳೂ ಅದೇ ತಪ್ಪನ್ನು ಅದೇ ರೀತಿ ಮಾಡುತ್ತಾರೆ. ಎದುರಿನವರ ಕೆಲಸದ ಗುರಿ ಅರ್ಥವಾಗದಿದ್ದರೆ ಈ ತಪ್ಪು ಹುಟ್ಟುವುದೇ ಇಲ್ಲ. ಕಷ್ಟ ಎದ್ದು ಕಾಣುವುದು ಬೇರೆ ಕಡೆ: ಯಾರೂ ಹೇಳದೆ ತಾನಾಗಿ ಅನುಕರಿಸುವುದು, ಗುರಿಯಿಲ್ಲದ ಸನ್ನೆಯ ಶೈಲಿಯನ್ನು ಹಿಡಿಯುವುದು, ಯಾವಾಗ ಯಾರನ್ನು ನೋಡಬೇಕು ಎಂದು ಆರಿಸುವುದು.

ಮಿದುಳಿನಲ್ಲಿ ವ್ಯತ್ಯಾಸವೇ ಇಲ್ಲವೇ ಎಂದರೆ, ಇದೆ. 2017ರಲ್ಲಿ ಹೇಝ್‌ಲೆಟ್ ಮತ್ತಿತರರು, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಕೂಸುಗಳನ್ನು ಮಲಗಿದ್ದಾಗ ಎಂಆರ್‌ಐ ಮಾಡುತ್ತಾ ಬಂದು, ಮುಂದೆ ಆಟಿಸಂ ಗುರುತಾದ ಕೂಸುಗಳಲ್ಲಿ 6ರಿಂದ 12 ತಿಂಗಳ ನಡುವೆ ಮಿದುಳಿನ ಹೊರಪದರದ ವಿಸ್ತೀರ್ಣ ಬೇಗ ಹಿಗ್ಗಿತ್ತು ಎಂದು ವರದಿ ಮಾಡಿದರು. ಆದರೆ ಇವು ಗುಂಪಿನ ಸರಾಸರಿ. ಒಂದು ಮಗುವಿನ ಸ್ಕ್ಯಾನ್ ಹಿಡಿದು ಹೌದು ಅಲ್ಲ ಎನ್ನುವ ಸ್ಥಿತಿ ಆಸ್ಪತ್ರೆಗಳಲ್ಲಿ ಇಂದಿಗೂ ಇಲ್ಲ. ಎಂಆರ್‌ಐಗೂ ತನ್ನದೇ ‘ಗುಂಡಿ ತಿರುವುವ’ ತೊಂದರೆ ಇದೆ. ಮಿಲಿ ಮೀಟರಿನ ಭಾಗದಷ್ಟು ತಲೆ ಅಲುಗಿದರೂ ದೂರದ ಭಾಗಗಳ ಸಂಪರ್ಕ ಕಡಿಮೆ, ಹತ್ತಿರದ್ದು ಹೆಚ್ಚು ಎಂಬ ಸುಳ್ಳು ಚಿತ್ರ ಬರುತ್ತದೆ ಎಂದು 2012ರಲ್ಲಿ ಹಲವು ತಂಡಗಳು ತೋರಿಸಿದವು. ಆಟಿಸಂ ಬಗ್ಗೆ ಅಲ್ಲಿಯವರೆಗೆ ಹೇಳುತ್ತಿದ್ದ ಚಿತ್ರವೂ ಹೆಚ್ಚುಕಡಿಮೆ ಅದೇ ಆಗಿತ್ತು. 2014ರಲ್ಲಿ ಕೋಲ್ಡಿವಿನ್ ತಂಡ ತಲೆ ಅಲುಗಿದ ಪ್ರಮಾಣ ಸಮವಿದ್ದ ಮಕ್ಕಳನ್ನಷ್ಟೇ ಹೋಲಿಸಿದಾಗ ನರತಂತುಗಳ ವ್ಯತ್ಯಾಸ ಬಹುಪಾಲು ಕರಗಿ, ಬಲಬದಿಯ ಒಂದೇ ಕಟ್ಟಿನಲ್ಲಿ ಉಳಿಯಿತು.

ಹಾಗಾದರೆ ಇಇಜಿ ಯಾಕೆ ಬರೆದುಕೊಡುತ್ತಾರೆ ಎಂದು ಕೇಳುವವರಿಗೆ: ಅದು ಬೇರೆ ಇಇಜಿ. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು. ಮಗು ಇದ್ದಕ್ಕಿದ್ದಂತೆ ಮಂಕಾಗಿ ನಿಂತುಬಿಟ್ಟರೆ, ಫಿಟ್ಸ್ ಬಂದರೆ, ಆಡುತ್ತಿದ್ದ ಮಾತು ಹೋದರೆ ನರರೋಗ ತಜ್ಞರು ನಿದ್ದೆಯ ಇಇಜಿ ಬರೆಯುತ್ತಾರೆ. ಅದಕ್ಕೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಬೇಕು, ಬರುವ ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡಲು ಬಿಡಬಾರದು. ಬೇಕಾದರೆ ವೈದ್ಯರು ನಿದ್ದೆಯ ಸಿರಪ್ ಕೊಡುತ್ತಾರೆ. ಅದರಲ್ಲಿ ಮ್ಯೂ ನೋಡುವುದಿಲ್ಲ, ಮೂರ್ಛೆಯ ಚೂಪು ಅಲೆಗಳನ್ನು ಹುಡುಕುತ್ತಾರೆ.

ಆಟಿಸಂ ಹೌದೋ ಅಲ್ಲವೋ ಎಂಬ ತೀರ್ಮಾನಕ್ಕೆ ಮಿದುಳಿನ ಯಾವ ಚಿತ್ರವೂ ಬೇಕಿಲ್ಲ. ನಮ್ಮಲ್ಲಿ ಬಳಸುವ, ಆಟಿಸಂ ಅಳೆಯುವ ಭಾರತೀಯ ಮಾಪಕವಾದ ಐಎಸ್‌ಎಎ ಪಟ್ಟಿಯಲ್ಲಿ 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಮಗುವನ್ನು ನೋಡಿ, ಪಾಲಕರನ್ನು ಕೇಳಿ ತುಂಬುವುದು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೂ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದರೂ ಮಗು ಆಡುವುದನ್ನು ನೋಡುತ್ತಾರೆ, ಪಾಲಕರ ಜೊತೆ ಕೂತು ಮಾತಾಡುತ್ತಾರೆ. ಕರೆದರೆ ತಿರುಗದ ಮಗುವಿಗೆ ಕಿವಿಯ ಪರೀಕ್ಷೆ ಮೊದಲು ಆಗಿರಬೇಕು.

ಹೀಗಿದ್ದರೂ ಬಣ್ಣಬಣ್ಣದ ‘ಬ್ರೇನ್ ಮ್ಯಾಪ್’ ಹಾಳೆ ಹಿಡಿದು ಬರುವವರಿದ್ದಾರೆ: ನೆತ್ತಿಯ ನಡುವೆ ಕೆಂಪು, ಕೆಳಗೆ ‘ಮಿರರ್ ನ್ಯೂರಾನ್ ಕೊರತೆ’, ಪಕ್ಕದಲ್ಲಿ ಇಷ್ಟು ಸೆಷನ್‌ಗೆ ಇಷ್ಟು ಸಾವಿರ ಎಂಬ ಪಟ್ಟಿ. ಹಣ ಕಟ್ಟುವ ಮುನ್ನ ಅಲ್ಲಿಯೇ ಕೇಳಬೇಕಾದ್ದು ಇಷ್ಟು. ರೆಕಾರ್ಡಿಂಗ್ ಹೊತ್ತಿನಲ್ಲಿ ಮಗುವಿನ ಕೈಯ ವೀಡಿಯೊ ಇದೆಯೇ? ಶೋಧಿಸಿದ ಮೇಲೆ ಎಷ್ಟು ಸೆಕೆಂಡ್ ಉಳಿಯಿತು? ಯಾವ ಆವರ್ತನದ ಪಟ್ಟಿ ಬಳಸಿದಿರಿ, ಅದು ಈ ವಯಸ್ಸಿನದೇ? ಹಿಂದಲೆಯಲ್ಲಿ ಏನು ಬಂತು? ಮಗುವನ್ನು ಹೋಲಿಸಿದ ಮಕ್ಕಳ ಗುಂಪು ಯಾವುದು? ಉತ್ತರಕ್ಕೆ ಬದಲು ಇನ್ನೊಂದು ಬಣ್ಣದ ಹಾಳೆ ಬಂದರೆ ಆ ಹಣ ಮಾತಿನ ಥೆರಪಿಗೆ ಇರಲಿ.

ಅಧ್ಯಯನಕ್ಕೆ ಬಂದ ಪಾಲಕರಿಗೆ ನಾವು ಕೊಡುವ ಹಾಳೆಯಲ್ಲಿ ಪರ್ಸೆಂಟ್ ಇರುವುದಿಲ್ಲ. ಟೋಪಿಯ ಸೈಜ್, ಮಗು ಒಪ್ಪಿದ ಕ್ರಮ, ಆಗದಿದ್ದ ಸ್ಪರ್ಶ, ಎಣಿಕೆ ಕೆಲಸ ಮಾಡಿತೋ ಹಾಡು ಕೆಲಸ ಮಾಡಿತೋ ಎಂದು ಬರೆದಿರುತ್ತೇವೆ. ಕ್ಷೌರದ ಅಂಗಡಿಗೆ, ಹಲ್ಲಿನ ಡಾಕ್ಟರ ಬಳಿಗೆ, ಕಿವಿಯ ಬೇರಾ ಪರೀಕ್ಷೆಗೆ ಹೋಗುವಾಗ ಆ ಹಾಳೆ ಜೊತೆಗಿರಲಿ ಎನ್ನುತ್ತೇವೆ. ಕತ್ತರಿಗೂ ಅದೇ ಕ್ರಮ: ಮೊದಲು ಕೈಯಲ್ಲಿ ಹಿಡಿಯುವುದು, ಆಮೇಲೆ ಮೂರು ಎಣಿಕೆ, ಆಮೇಲೆ ಹತ್ತು. ಕೂದಲಿಗೆ ಅಂಟಿದ ಜೆಲ್ ಒಣಗುವ ಮುನ್ನ ಬಿಸಿನೀರಿನಲ್ಲಿ ತೊಳೆದರೆ ಒಂದೇ ಸಲಕ್ಕೆ ಹೋಗುತ್ತದೆ. ಮನೆಗೆ ಹೋಗಿ ತೊಳೆಯೋಣ ಎಂದು ಬಿಟ್ಟರೆ ಬಾಚಣಿಗೆ ಇಳಿಯುವುದಿಲ್ಲ, ಮುಂದಿನ ಸಲ ಮಗು ಟೋಪಿ ಕಂಡರೇ ಓಡುತ್ತದೆ.